ಪ್ರೊಜೆಕ್ಟರಿಗಿಟ್ಟ ಕುಂಕುಮ

ತಪ್ಪು ನನ್ನದೇ. ಆಳಂದದ ನಮ್ಮ ಕಾಲೇಜಿಗೆ ಬಂದ ಹೊಸ ಪ್ರೊಜೆಕ್ಟರಿಗೆ ಊರ ಐನೋರ ದನಿಯನ್ನು ಅನುಕರಿಸಿ ಮಂತ್ರ ಹೇಳಿ ಪೂಜೆ ಮಾಡಿದ ವಿದ್ಯಾರ್ಥಿ ನಾನು. ಕಣ್ಣಿನಂತೆ ಫಳಫಳ ಹೊಳೆಯುತ್ತಿದ್ದ ಅದರ ಲೆನ್ಸಿನ ಗಾಜಿನ ಮೇಲೇ ಕುಂಕುಮ ಹಚ್ಚಿದ್ದೆ. ಮರುದಿನ ಪರದೆ ತುಂಬ ಕೆಂಪು ಮಸುಕು. ಕೆಮಿಸ್ಟ್ರಿಯ ಶಾಹೀನ್ ಮೇಡಂ ತೋರಿಸಿದ ನೀಲಿ ಲಿಟ್ಮಸ್ ಕಾಗದದ ಚಿತ್ರವೂ ಕೆಂಪಗೆ ಕಂಡಿತು. ಹಳೆಯ ಪ್ರೊಜೆಕ್ಟರ್ ಎಲ್ಲವನ್ನೂ ಹಸಿರಾಗಿ ತೋರಿಸುತ್ತದೆಂದು ಹಟ ಹಿಡಿದು ಹೊಸದನ್ನು ತರಿಸಿದವರೇ ಅವರು.

“ಇದೂ ಕೆಟ್ಟದ್ದೇ ಬಂದದ. ವಾಪಸ್ ಕಳಸ್ರಿ, ಹಳೇದ್ರಾಗೇ ಪಾಠ ಮಾಡ್ರಿ,” ಎಂದರು ಪ್ರಿನ್ಸಿಪಾಲರು. ಮೇಡಂ ಮುಖ ಬಾಡಿತು. ನಾನು ಬೆಂಚು ಹತ್ತಿ ಗಾಜು ಒರೆಸಿದೆ. ಕರವಸ್ತ್ರ ಕೆಂಪಾಯಿತು, ಪರದೆ ತಿಳಿಯಾಯಿತು. “ದೃಷ್ಟಿ ಹತ್ತಬಾರ್ದಂತ ಹಚ್ಚೇನ್ರಿ,” ಎಂದೆ, ಐನೋರ ದನಿಯಲ್ಲೇ.

ಈಗ ಕಾಲೇಜಿನಲ್ಲಿ ನನ್ನ ಮಿಮಿಕ್ರಿಗಿಂತ ಮೇಡಂ ಕೊಟ್ಟ ಉತ್ತರವೇ ಹೆಚ್ಚು ಓಡುತ್ತಿದೆ: “ದೃಷ್ಟಿ ಹತ್ತಬಾರ್ದಂದ್ರ ಹಣೀಗೆ ಹಚ್ಚಬೇಕಲೇ, ಕಣ್ಣಾಗ ತುರುಕ್ತಾರೇನು?”