ತೋಳಿನ ಮೇಲೆ ಮೂಡಿದ ಹೆಸರು

ಡಾಂಬರು ಗುಳಿಗೆಯ ವಾಸನೆ ಎಲ್ಲೇ ಮೂಗಿಗೆ ಬಡಿದರೂ ನನಗೆ ಸವಣೂರಿನ ನಮ್ಮ ಮನೆಯ ಪಡಸಾಲೆ ನೆನಪಾಗುತ್ತದೆ. ಮಣ್ಣಿನ ಮಾಳಿಗೆಯ ಆ ಮನೆಯಲ್ಲಿ, ಕಿಟಕಿಯ ಕೆಳಗೆ, ಕಾಕಾನ ಕರಿ ಟ್ರಂಕು ಇರುತ್ತಿತ್ತು. ಮುಚ್ಚಳ ಎತ್ತಿದರೆ ಗುಳಿಗೆಯ ಕಟುವಾಸನೆಯ ಜೊತೆ ರೇಷ್ಮೆ ಕರವಸ್ತ್ರ, ಹಳೆಯ ಇಸ್ಪೀಟು, ಮಕಮಲ್ಲಿನ ಕೋಟು ಎಲ್ಲದರ ವಾಸನೆಯೂ ಕಲೆತು ಹೊರಬರುತ್ತಿತ್ತು. ಕಾಕಾ ಎಂದರೆ ಅಪ್ಪನ ತಮ್ಮ ಗದಿಗೆಪ್ಪ. ಮದುವೆ ಆಗಿರಲಿಲ್ಲ. ಜಾದೂ ಅವನ ಕಸುಬು. ಎಪ್ಪತ್ತರ ದಶಕದಲ್ಲಿ ಹಾನಗಲ್ಲು, ಶಿಗ್ಗಾವಿ, ಹಿರೇಕೆರೂರು ಕಡೆಯ ಶಾಲೆಗಳಲ್ಲಿ ಅವನ ಆಟ ನೋಡದ ಮಕ್ಕಳು ಕಡಿಮೆ. ಆಟ ಶುರು ಮಾಡುವ ಮುಂಚೆ ಕೈಮುಗಿದು, “ಇದು ಕೈಚಳಕರೀ, ದೇವರ ಕೆಲಸ ಅಲ್ಲ. ನಿಮಗ ಖುಷಿ ಆಗ್ಲಿ ಅಂತ ಮೋಸ ಮಾಡಾಕತ್ತೇನಿ, ಹೊಟ್ಟ್ಯಾಗ ಹಾಕ್ಕೋರಿ” ಎನ್ನುತ್ತಿದ್ದ. ಜನ ನಕ್ಕು, ಮರುಗಳಿಗೆಯಲ್ಲೇ ಮೋಸ ಹೋಗುತ್ತಿದ್ದರು.

ಅವನಿಗೆ ವಿದ್ಯೆ ಕಲಿಸಿದವರು ಹಾನಗಲ್ಲಿನ ಇಮಾಮಸಾಬರು. ಎಲ್ಲರೂ ಅವರನ್ನು ಉಸ್ತಾದ್ ಎನ್ನುತ್ತಿದ್ದರು. ಅವರ ಶಿಷ್ಯರೆಲ್ಲ ಅವರ ಪಾದ ಮುಟ್ಟಿ, ಆಟದ ಗುಟ್ಟನ್ನು ಹೊರಗಿನ ಯಾರಿಗೂ ಬಿಟ್ಟುಕೊಡುವುದಿಲ್ಲವೆಂದು ಆಣೆ ಮಾಡಿದ್ದರು. ಹೊರಗಿನವರೆಂದರೆ ಮನೆಯವರೂ ಸೇರಿ. ಒಮ್ಮೆ ನಾನು ಬಾಗಿಲ ಸಂದಿಯಲ್ಲಿ ನಿಂತು ಅವನ ತಾಲೀಮು ಕದ್ದು ನೋಡಿದಾಗ ಕಾಕಾ ಸಿಟ್ಟಾಗಲಿಲ್ಲ. ಕರವಸ್ತ್ರ ಮಡಚಿಟ್ಟು, “ಬೆರಗಾಗೂದು ನಿನ್ನ ಪಾಲಿಗೆ ಬಂದೈತೆವ್ವಾ. ಅದನ್ನ ಯಾಕ ಕಳಕೊಂತಿ?” ಎಂದಿದ್ದ. ಅಂದಿನಿಂದ ನಾನು ಇಣುಕಲಿಲ್ಲ. ನಿಮಗೂ ಇಂಥವರೊಬ್ಬರು ಇದ್ದಿರಬೇಕು. ಮೋಸ ಮಾಡುವುದೇ ಕಸುಬಾದರೂ ಅವರಷ್ಟು ನಂಬಿಕಸ್ಥರು ಬೇರೆ ಸಿಗಲಿಲ್ಲ ಅನ್ನಿಸುವಂಥವರು.

ನನಗೆ ಹತ್ತು ವರ್ಷವಿದ್ದಾಗ ಅವ್ವನ ತವರೂರು ತಿಳವಳ್ಳಿಯ ಶಾಲೆಯಲ್ಲಿ ಅವನ ಆಟ ನಿಗದಿಯಾಗಿತ್ತು. ಅವ್ವ, ನಾನು, ಕಾಕಾ ಮೂವರೂ ಮುಂಜಾನೆಯ ಬಸ್ಸಿಗೆ ಹೋದೆವು. ಊರಲ್ಲಿ ಇಳಿದರೆ ಗೌಡರ ಮನೆ ಮುಂದೆ ಜನವೋ ಜನ. ಗೌಡತಿಯ ಬಂಗಾರದ ಬೋರಮಾಳ ಸರ ಕಳುವಾಗಿತ್ತು. ಕಳ್ಳರ ಹೆಸರು ಹೇಳಲು ಹಿರೇಕೆರೂರಿನಿಂದ ಒಬ್ಬ ದೇವರ ಮನುಷ್ಯನನ್ನು ಕರೆಸಿದ್ದರು. ಅವನು ಬರಿ ತೋಳಿಗೆ ಬೂದಿ ತಿಕ್ಕಿದಾಗ ಅಲ್ಲಿ ‘ನೀಲವ್ವ’ ಎಂಬ ಅಕ್ಷರಗಳು ಮೂಡಿದ್ದವಂತೆ. ನೀಲವ್ವ ಆ ಮನೆಯಲ್ಲಿ ಕಸಮುಸುರೆ ಮಾಡುತ್ತಿದ್ದ ವಿಧವೆ. ನಾವು ಹೋದಾಗ ಅವಳನ್ನು ಕಂಬಕ್ಕೆ ಒರಗಿಸಿ ಕೂರಿಸಿದ್ದರು. ಸೆರಗು ಬಾಯಿಗೊತ್ತಿ, “ನಾ ತಗೊಂಡಿಲ್ಲರೀ ಎಪ್ಪಾ” ಎಂಬ ಒಂದೇ ಮಾತನ್ನು ಹೇಳುತ್ತಿದ್ದಳು. ಅವಳ ಮುಂಗೈ ತರಚಿ ರಕ್ತ ಒಸರಿತ್ತು.

ಆ ದೇವರ ಮನುಷ್ಯನನ್ನು ನೋಡಿ ಕಾಕಾನ ಮುಖ ಬಿಳಚಿಕೊಂಡಿತು. ಅವನು ಶೇಖಪ್ಪ, ಉಸ್ತಾದರ ಬಳಿ ಕಾಕಾನಿಗಿಂತ ಮುಂಚೆ ಕಲಿತವನು. ಕಾಕಾ ಅವನನ್ನು ದನಗಳಿಗೆ ಮೇವು ಹಾಕುವ ಗ್ವಾದಲಿಯ ಹತ್ತಿರ ಕರೆದೊಯ್ದ. ಅವ್ವನೂ ನಾನೂ ಅಲ್ಲೇ ಇದ್ದೆವು.

“ಅಣ್ಣಾ, ಆಟ ಆಡು, ಬ್ಯಾಡ ಅನ್ನಂಗಿಲ್ಲ. ಒಬ್ಬ ಹೆಣಮಗಳ ಹೆಸರ ಬರೀಬ್ಯಾಡ. ದೇವ್ರು ತಪ್ಪ ಹೇಳ್ಯಾನ ಅಂತ ಹೇಳಿ ಅಳಿಸಿಬಿಡು.”

“ಅವರ ಮನ್ಯಾಗ ಯಾರ ಮ್ಯಾಲ ಸಂಶೇ ಐತಿ ಅದನ್ನ ಬರದೇನಿ,” ಎಂದ ಶೇಖಪ್ಪ. “ನನ್ನ ಹೊಟ್ಟಿ ಮ್ಯಾಲ ಹೊಡೀಬ್ಯಾಡ ತಮ್ಮಾ. ಬಾಯಿ ಬಿಟ್ಟಿ ಅಂದ್ರ ಉಸ್ತಾದರ ಆಣಿ ಐತಿ.”

ಕಾಕಾ ನಮಗೆ ಬೆನ್ನು ಮಾಡಿ, ಗೋಡೆಯ ಕಡೆ ತಿರುಗಿ ಜೇಬಿಗೆ ಕೈ ಹಾಕಿದ. ಆಮೇಲೆ ಹೊರಗೆ ಬಂದು, ತನ್ನ ಅಂಗಿಯ ತೋಳು ಮಡಚಿ, ಒಲೆಯ ಬೂದಿ ತರಿಸಿ ತಿಕ್ಕಿಕೊಂಡ. ತೋಳಿನ ಮೇಲೆ ‘ಗದಿಗೆಪ್ಪ’ ಎಂದು ಮೂಡಿತು. “ನೋಡ್ರಿ, ನನ್ನ ದೇವ್ರು ನಾನ ಕಳ್ಳ ಅಂತಾನ. ನಾ ಈಗಷ್ಟ ಬಸ್ ಇಳದೇನಿ. ಕಟ್ಟಿಹಾಕ್ತೀರೇನು?” ಎಂದ. ಹೀಗೆ ಆಣೆಯೂ ಉಳಿದೀತು, ಹೆಣ್ಣುಮಗಳೂ ಉಳಿದಾಳು ಎಂದು ಎಣಿಸಿದ್ದನೋ ಏನೋ. ಆದರೆ ಮುದುಕಿಯೊಬ್ಬಳು ಮುಂದೆ ಬಂದು, “ಇವನ ಮೈಯಾಗಿನ ದೇವ್ರು ಇನ್ನೂ ದೊಡ್ಡದೈತಿ” ಎಂದು ಅವನ ಕಾಲಿಗೆ ಬಿದ್ದಳು. ಅವಳ ಹಿಂದೆ ಇನ್ನಿಬ್ಬರು ಬಗ್ಗಿದರು. ಗೌಡರೂ ಕೈಮುಗಿದು, “ಹಂಗಾರ ನೀವ ಹೇಳ್ರಿ, ಯಾರು ತಗೊಂಡಾರ?” ಎಂದರು.

ಕಾಕಾ ಮುದುಕಿಯನ್ನು ಎಬ್ಬಿಸಿ, ಜೇಬಿನಿಂದ ಸಾಬೂನಿನ ಚೂರು ತೆಗೆದು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ. “ಎವ್ವಾ, ಇದು ಬರೇ ಸಾಬಾನ. ಇದರ್ಲೆ ಮೊದಲ ಬರಕೊಂಡ್ರ ಬೂದಿ ಅಲ್ಲಿ ಹತ್ತತೈತಿ, ಅಷ್ಟ” ಎಂದು, ಗೌಡರ ಮಗನ ತೋಳಿನ ಮೇಲೆ ಬರೆದು, ಆರಿಸಿ, ತಿಕ್ಕಿ ತೋರಿಸಿದ. ನೀಲವ್ವ ತಾನೇ ಎದ್ದು, ಯಾರ ಕಡೆಗೂ ನೋಡದೆ ಮನೆಗೆ ನಡೆದಳು. ಬೋರಮಾಳ ಕೊನೆಗೂ ಸಿಗಲಿಲ್ಲ. ಆದರೆ ಅವಳ ಹೆಸರನ್ನು ಮತ್ತೆ ಯಾರೂ ಎತ್ತಲಿಲ್ಲವೆಂದು ಆ ಊರಲ್ಲೇ ಇದ್ದ ಅವ್ವನ ತಾಯಿ, ನನ್ನ ಅಜ್ಜಿ, ಹೇಳುತ್ತಿದ್ದಳು.

ಮುಂದಿನ ವಾರವೇ ಹಾನಗಲ್ಲಿನಲ್ಲಿ ಉಸ್ತಾದರ ಅಂಗಳದಲ್ಲಿ ಜಾದೂಗಾರರೆಲ್ಲ ಸೇರಿದರು. ಕಾಕಾನ ಜೊತೆ ಅಪ್ಪ ಹೋಗಿದ್ದರು. ನಡೆದದ್ದನ್ನೆಲ್ಲ ನಮಗೆ ಹೇಳಿದವರು ಅವರೇ. ಗುಟ್ಟು ಹೋದರೆ ನಮ್ಮ ಅನ್ನ ಹೋದಂತೆ ಎಂದು ಕೆಲವರು, ನಿರಪರಾಧಿಯ ಮೇಲೆ ಕಳವು ಹೊರಿಸಿದ ಮೇಲೆ ಅದು ವಿದ್ಯೆಯೇ ಅಲ್ಲ ಎಂದು ಉಳಿದವರು ಕೂಗಾಡಿದರಂತೆ. ಉಸ್ತಾದರಿಗೆ ಆಗಲೇ ಕಣ್ಣು ಮಂಜಾಗಿತ್ತು. ಅವರು ಶೇಖಪ್ಪನಿಗೆ, “ಇನ್ನ ಮ್ಯಾಲ ದೇವ್ರ ಹೆಸರ ತಗದಿ ಅಂದ್ರ ನನ್ನ ಹೆಸರ ತಗೀಬ್ಯಾಡ” ಎಂದರು. ಕಾಕಾ ಮಾತ್ರ ಒಂದೂ ಸಮರ್ಥನೆ ಕೊಡದೆ, “ಆಣಿ ಮುರದೇನ್ರಿ. ಶಿಕ್ಷಾ ಹೇಳ್ರಿ” ಎಂದ. ಉಸ್ತಾದರು ಅವನ ತಲೆ ಸವರಿ, “ಆ ಹೊತ್ತಿನ್ಯಾಗ ನಾನೂ ಮುರೀತಿದ್ನೋ ಏನೋ. ಆದ್ರೂ ನಮ್ಮೆಲ್ಲಾರದೊಂದು ಆಟ ನಿನ್ನ ಕೈಯಾಗ ಸತ್ತೈತಿ ಮಗಾ. ಅದರ ಬದಲಿ ಒಂದ ಹುಟ್ಟಿಸಿ ತಾ. ಅಲ್ಲೀತನ ಆಟ ಆಡಬ್ಯಾಡ” ಎಂದರು.

ಹದಿನಾಲ್ಕು ತಿಂಗಳು ಕಾಕಾ ಆಟ ಆಡಲಿಲ್ಲ. ಅಪ್ಪನ ಎಲೆಬಳ್ಳಿ ತೋಟದಲ್ಲಿ ದುಡಿದು ಬಂದು, ಸಂಜೆ ಪಡಸಾಲೆಯ ಬಾಗಿಲು ಹಾಕಿಕೊಳ್ಳುತ್ತಿದ್ದ. ಮುಂಜಾನೆ ಅವ್ವ ಕಸ ಗುಡಿಸಿದರೆ ಬುಟ್ಟಿ ತುಂಬ ಹರಿದ ವೀಳ್ಯದೆಲೆ. ಬೈಯುತ್ತಿರಲಿಲ್ಲ, ಸುಮ್ಮನೆ ಎಮ್ಮೆಗೆ ಹಾಕುತ್ತಿದ್ದಳು. ಕೊನೆಗೊಂದು ದಿನ ಕಾಕಾ ನಮ್ಮನ್ನೆಲ್ಲ ಕೂರಿಸಿ, ಹಸಿರೆಲೆಯೊಂದನ್ನು ನಾಲ್ಕು ಚೂರು ಮಾಡಿ, ಮುಷ್ಟಿಯಲ್ಲಿಟ್ಟು ಉಸಿರೂದಿ ಬಿಚ್ಚಿದ. ಎಲೆ ಇಡಿಯಾಗಿತ್ತು. ಅವ್ವ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಬಾಯಿಗೆ ಹಾಕಿಕೊಂಡು ಅಗಿದು, “ಖರೇ ಎಲೀನ ಐತಿ” ಎಂದು ಅತ್ತುಬಿಟ್ಟಳು.

ಆ ಆಟವನ್ನು ಉಸ್ತಾದರಿಗೆ ಒಪ್ಪಿಸಿದ ಮೇಲೆ ಕಾಕಾ ಹೋದದ್ದು ಹಿರೇಕೆರೂರಿಗೆ. ದೇವರ ಆಟ ಬಿಟ್ಟು ಕೆಲಸವಿಲ್ಲದೆ ಕೂತಿದ್ದ ಶೇಖಪ್ಪನಿಗೆ ಅದನ್ನು ಕಲಿಸಲು. ಶೇಖಪ್ಪ ಮೂರು ಸಲ ಬಾಗಿಲು ತೆಗೆಯಲಿಲ್ಲವಂತೆ. ಕಾಕಾ ನಾಲ್ಕನೆಯ ಸಲವೂ ಹೋದ.

ಈಗ ಆ ಮಾಳಿಗೆ ಮನೆ ಇಲ್ಲ. ಅಲ್ಲಿ ಮೂರು ಅಂಗಡಿಗಳಾಗಿವೆ. ಉಸ್ತಾದರು, ಅಪ್ಪ, ಅವ್ವ, ಕಾಕಾ, ಒಬ್ಬೊಬ್ಬರಾಗಿ ಹೋದರು. ಅದಕ್ಕೂ ಮುಂಚೆ, ಎಂಬತ್ತರ ದಶಕದ ಒಂದು ಮಧ್ಯಾಹ್ನ, ಹಿರೇಕೆರೂರಿನ ಶಾಲೆಯ ಬಯಲಿನಲ್ಲಿ ಶೇಖಪ್ಪನ ಆಟ ನೋಡಲು ಕಾಕಾ ನನ್ನನ್ನು ಕರೆದೊಯ್ದಿದ್ದ. ಶೇಖಪ್ಪ ಎಲೆ ಹರಿದು ಮುಷ್ಟಿ ಮುಚ್ಚಿದ. ನಾನು ಪಕ್ಕಕ್ಕೆ ತಿರುಗಿ ನೋಡಿದೆ. ಕಾಕಾ ಚಿಕ್ಕ ಮಕ್ಕಳ ನಡುವೆ ನೆಲದ ಮೇಲೆ ಕೂತು, ಏನಾಗುವುದೋ ಗೊತ್ತೇ ಇಲ್ಲದವನಂತೆ ಬಾಯಿ ತೆರೆದು, ಮುಂದಕ್ಕೆ ಬಾಗಿದ್ದ.