ಬಾಡಿಗೆಗೆ ಹೋದ ಖಾತೆ

ಬೆಳ್ಳಗಿರೋದೆಲ್ಲ ಹಾಲು ಅಂತ ನಂಬೋ ಪ್ರಾಣಿ ನಮ್ಮಣ್ಣ. ಬೀಗ ರಿಪೇರಿ ಅವನ ಕಸುಬು, ಬೀದಿಯವರಿಗೆಲ್ಲ ಬೀಗದಣ್ಣ. ಮನೆಯವರು ಎದುರಿಗೆ ನಿಲ್ಲದೆ ಡೂಪ್ಲಿಕೇಟ್ ಕೀ ಮಾಡೋನೇ ಅಲ್ಲ. ಸ್ವಂತ ಭಾವಮೈದ ಯಾರದೋ ಕೀಯನ್ನ ಸಾಬೂನಿಗೆ ಒತ್ತಿ ಅಚ್ಚು ತಗೊಂಡು ಬಂದಾಗ, ಬೈದು ಅಂಗಡಿ ಮೆಟ್ಟಿಲಿಳಿಸಿದ್ದ. ಅಂಥ ಮಹಾನುಭಾವ, ಟೀ ಕುಡಿಸಿದ ಯಾವನೋ ಟೈ ಕಟ್ಟಿದವನಿಗೆ ಬ್ಯಾಂಕ್ ಕಾರ್ಡು, ಪಿನ್ನು, ಸಿಮ್ಮು ಮೂರನ್ನೂ ಕೊಟ್ಟುಬಂದ!

"ಕಂಪನಿ ದುಡ್ಡು ನನ್ನ ಖಾತೇಲಿ ಸ್ವಲ್ಪ ಹೊತ್ತು ನಿಂತು ಹೋಗುತ್ತಂತೆ. ನಂಗೆ ಕಮಿಷನ್ನು. ಮನೆ ಬಾಡಿಗೆಗೆ ಕೊಟ್ಟ ಹಾಗೆ ಕಣೇ" ಅಂತ ನನಗೇ ಪಾಠ ಬೇರೆ.

ಕಂಪನಿಯೂ ಇಲ್ಲ, ಮಣ್ಣಂಗಟ್ಟಿಯೂ ಇಲ್ಲ. ಪೊಲೀಸರು ಕರೆಸಿದಾಗ ಗೊತ್ತಾಯ್ತು. ಒಬ್ಬ ನರ್ಸಿನ ಮುಖವನ್ನ ಹೊಲಸು ಫೋಟೋಗಳಿಗೆ ಅಂಟಿಸಿ, ಆಸ್ಪತ್ರೆಗೆಲ್ಲ ಹಂಚ್ತೀವಿ ಅಂತ ಹೆದರಿಸಿ ಕಿತ್ತ ದುಡ್ಡದು. ಮೊದಲು ಬಂದಿದ್ದು ಅಣ್ಣನ ಖಾತೆಗೆ. ಅಲ್ಲಿಂದ ಇವನಂಥ ಇನ್ನಷ್ಟು ಪೆದ್ದರ ಖಾತೆಗಳಿಗೆ ಚೂರುಚೂರಾಗಿ ಹೋಗಿ, ಕೊನೆಗೆ ಡಿಜಿಟಲ್ ನಾಣ್ಯವಾಗಿ ದೇಶವನ್ನೇ ಬಿಟ್ಟಿತ್ತು. ಟೈನವನು ನಾಪತ್ತೆ. ಸಿಕ್ಕಿದ ಹೆಸರು ನಮ್ಮಣ್ಣಂದು ಮಾತ್ರ.

ಹೇಳಿಕೆ ಬರೆಸಿಕೊಂಡು ಬಿಟ್ಟರು. ಅಂದಿನಿಂದ ಅವನಿಗೆ ಒಂದೇ ಹಟ. ತಾನು ಕಳ್ಳ ಅಲ್ಲ ಅಂತ ಆ ಹುಡುಗಿ ಮುಖ ನೋಡಿ ಹೇಳಬೇಕು, ಕಮಿಷನ್ನು ಅವಳ ಕೈಗೇ ಕೊಡಬೇಕು. "ವಕೀಲರ ಕೈಲಿ ಕಳಿಸೋ" ಅಂತ ಬಡಕೊಂಡೆ. ಕೇಳಿದರೆ ತಾನೆ! ಠಾಣೇಲಿ ಕೊಟ್ಟಿದ್ದ ದೂರಿನ ಪ್ರತಿಯಲ್ಲಿದ್ದ ವಿಳಾಸ ಹಿಡಿದು ಹೊರಟ. ಒಬ್ಬನನ್ನೇ ಬಿಡೋಕಾಗದೆ ನಾನೂ ಹೋದೆ.

ಹುಡುಗಿ ಚೈನ್ ಹಾಕಿಕೊಂಡೇ ಬಾಗಿಲನ್ನ ಒಂದಿಷ್ಟು ತೆರೆದಳು. ಅಣ್ಣ ತನ್ನ ಹೆಸರು ಹೇಳಿದ. ದುಡ್ಡು ಕಳಿಸುವಾಗ ಅವಳು ಟೈಪ್ ಮಾಡಿದ್ದ ಹೆಸರೇ ಅಲ್ಲವೇ ಅದು? ಅವಳ ಮುಖ ಬಿಳಿಚಿಕೊಂಡಿತು.

"ಫೋಟೋ ಎಲ್ಲ ನಿಮ್ಮ ಹತ್ರಾನೇ ಇದೆಯಾ?"

ಅಣ್ಣ ಕಲಿತಿದ್ದ ಮಾತೆಲ್ಲ ಮರೆತು, ಪಾಪಿ, ಗೊತ್ತಿದ್ದ ಒಂದೇ ವಿಷಯಕ್ಕೆ ಬಂದ. "ಈ ಚೈನಿನ ಸ್ಕ್ರೂ ಸಡಿಲ ಆಗಿದೆಯಮ್ಮ. ಯಾರಾದ್ರೂ ಒಂದ್ಸಲ ತಳ್ಳಿದ್ರೆ ಕಿತ್ತು ಬರುತ್ತೆ" ಅಂತ ಚೀಲದಿಂದ ಸ್ಕ್ರೂಡ್ರೈವರ್ ತೆಗೆದ.

ಅವಳು ಕಿರುಚಲಿಲ್ಲ. ಸಂದಿಯಲ್ಲೇ ಕೈ ಮುಗಿದಳು.

"ಇನ್ನೆಷ್ಟು ಬೇಕು ಹೇಳಿ, ಕಳಿಸ್ತೀನಿ. ಮೆಲ್ಲಗೆ ಮಾತಾಡಿ, ಅಮ್ಮ ಒಳಗಿದ್ದಾಳೆ."

ನಮ್ಮಣ್ಣನಿಗೆ ಹಾಗೆ ಕೈ ಮುಗಿದಳು. ಪಕ್ಕದಲ್ಲಿ ನಿಂತಿದ್ದ ನಾನು ನಾಚಿಕೆಯಿಂದ ಸತ್ತೇ ಹೋದೆ.