ನಮ್ಮ ಬೋಟು, ನನ್ನ ಮಡಿಲಕ್ಕಿ

ರಿಟೈರಾದ ಮೇಲೆ ಗಂಡಸರು ಏನೇನೋ ತಗೊಳ್ತಾರೆ. ಒಬ್ಬರು ಸೈಟು ತಗೊಳ್ತಾರೆ, ಒಬ್ಬರು ವಾಕಿಂಗ್ ಶೂ ತಗೊಳ್ತಾರೆ. ನಮ್ಮನೆಯವರು ಮೋಟರ್‌ಬೋಟು ತಗೊಂಡರು. ಮೈಸೂರಲ್ಲಿ ಕಣ್ರೀ! ಎಂಥಾ ಮಳೆ ಬಂದರೂ ಲಕ್ಷ್ಮೀಪುರಂನ ನಮ್ಮ ಬೀದಿಯಲ್ಲಿ ಪಾದ ಮುಳುಗುವಷ್ಟು ನೀರು ನಿಲ್ಲಲ್ಲ. ಅಲ್ಲಿ, ನಮ್ಮ ಗೇಟಿನ ಪಕ್ಕ, ಟ್ರೈಲರಿನ ಮೇಲೆ ನೀಲಿ ಟಾರ್ಪಾಲು ಹೊದ್ದುಕೊಂಡು ಅದು ಠಿಕಾಣಿ ಹೂಡಿತು. ಸೊಪ್ಪಿನ ಗಾಡಿಯವಳು ದಿನಾ ಸುತ್ತು ಹಾಕಿಕೊಂಡು ಬಂದು ನನ್ನ ಮುಖವನ್ನೇ ನೋಡುತ್ತಿದ್ದಳು, ನಾನೇ ತಂದು ನಿಲ್ಲಿಸಿದ ಹಾಗೆ. ಎದುರುಮನೆಯವರಂತೂ, "ಪ್ರಳಯ ಬಂದಾಗ ನಮಗೂ ಎರಡು ಸೀಟು ಇಟ್ಟಿರಿ" ಅಂತ ಸಿಕ್ಕಾಗಲೆಲ್ಲ ಹೇಳಿ ನಗುತ್ತಿದ್ದರು.

ಇವರು ಕಡಕೊಳದ ಕಾರ್ಖಾನೆಯೊಂದರಲ್ಲಿ ಪಂಪಿನ ಮೋಟರುಗಳ ಜೊತೆ ಆಯಸ್ಸು ಕಳೆದವರು. ಮೋಟರು ಬಿಟ್ಟಿರೋಕಾಗಲ್ಲ. ಬೆಳಿಗ್ಗೆ ಸ್ನಾನ, ಲಿಂಗಪೂಜೆ ಮುಗಿಸಿ, ಅದೇ ಕೈಯಲ್ಲಿ ಬೋಟಿನ ಎಂಜಿನ್ನಿಗೂ ಮೂರು ಬೆರಳಲ್ಲಿ ವಿಭೂತಿ ಎಳೆದು, ಅದರ ಮೂತಿಯನ್ನು ನೀರು ತುಂಬಿದ ಡ್ರಮ್ಮಿನಲ್ಲಿ ಅದ್ದಿ ಸ್ಟಾರ್ಟ್ ಮಾಡುತ್ತಿದ್ದರು. ಮೊದಮೊದಲು ಬೀದಿ ನಾಯಿಗಳೆಲ್ಲ ಸೇರಿ ಬೊಗಳಿದವು, ಆಮೇಲೆ ಅವಕ್ಕೂ ಸಾಕಾಯಿತು. ನನಗೆ ಮಾತ್ರ ಸಾಕಾದರೂ ತಪ್ಪಿಸಿಕೊಳ್ಳೋ ದಾರಿ ಇರಲಿಲ್ಲ.

ಹೀಗಿರುವಾಗ ಇವರ ಜೊತೆ ಕೆಲಸ ಮಾಡಿದ ಒಬ್ಬರು ಮನೆಗೆ ಬಂದು ಬೋಟು ನೋಡಿ, ಕೊಡೋದಾದ್ರೆ ನಾನೇ ತಗೊಳ್ತೀನಿ ಅಂದರು. ದೇವರು ಬಾಗಿಲಿಗೆ ಬಂದ ಹಾಗಾಯಿತು ನನಗೆ. ಇವರು ಮಾತ್ರ ಆವತ್ತು ರಾತ್ರಿ ಊಟ ಸರಿಯಾಗಿ ಮಾಡಲಿಲ್ಲ. ಕೊನೆಗೆ ನಾನೇ ಒಂದು ಷರತ್ತು ಹಾಕಿದೆ: ಮೇ ತಿಂಗಳು ಮುಗಿಯೋದರೊಳಗೆ ನನ್ನನ್ನು ಬೋಟಿನಲ್ಲಿ ತವರಿಗೆ ಕರಕೊಂಡು ಹೋಗಿ, ಅದೇ ದಿನ ವಾಪಸ್ ಕರಕೊಂಡು ಬರಬೇಕು. ಬಂದರೆ ಬೋಟಿನ ವಿಚಾರ ನಾನು ಬಾಯೇ ತೆಗೆಯಲ್ಲ. ಆಗದಿದ್ದರೆ ಅದು ಆ ಮನುಷ್ಯನ ಮನೆಗೆ ಹೋಗಬೇಕು. "ಆಯ್ತು, ಮಾತು ಮಾತೇ" ಅಂದರು ಇವರು.

ನನ್ನ ತವರು ಅಣೆಕಟ್ಟಿನ ಹಿನ್ನೀರಿನ ಆಚೆ ದಡದ ಊರು. ನಮಗೆ ಅಣ್ಣತಮ್ಮಂದಿರಿಲ್ಲ. ಅಕ್ಕನೇ ಆ ಮನೆಯಲ್ಲಿದ್ದಾಳೆ, ಭಾವ ಮನೆ ಅಳಿಯ. ಮೇ ತಿಂಗಳ ಕೊನೇ ಗುರುವಾರ ಬೆಳಿಗ್ಗೆ ಜೀಪಿನ ಹಿಂದೆ ಬೋಟು ಕಟ್ಟಿಕೊಂಡು ಹೊರಟೆವು. ಹಿನಕಲ್ ದಾಟುವಷ್ಟರಲ್ಲಿ ಸ್ಕೂಟರಿನವರೆಲ್ಲ ಪಕ್ಕಕ್ಕೆ ಬಂದು ಎಲ್ಲಿ ಮಾರಾಟ, ಎಷ್ಟು ಅಂತ ವಿಚಾರಿಸಿದರು. ನಾನು ಕಿಟಕಿ ಇಳಿಸಿ, "ಭಾನುವಾರ ತಿಂಗಳು ಮುಗಿಯುತ್ತೆ, ಅಲ್ಲೀವರೆಗೂ ತಡೀರಿ" ಅಂದೆ. ಇವರಿಗೆ ನಗು ಬರಲಿಲ್ಲ.

ನೀರಿನ ಹತ್ತಿರ ಹೋಗುತ್ತಲೇ ಈ ಮನುಷ್ಯ ಬೇರೆಯೇ ಆಗಿಹೋದರು. ಮನೆಯಲ್ಲಿ ಒಂದು ಲೋಟ ಎತ್ತಿಡಿ ಅಂದರೆ ಕೇಳಿಸದವರು, "ಎಡಗಡೆ ಕೂತ್ಕೋ, ಅಲ್ಲಾಡಬೇಡ, ಬ್ಯಾಗು ಮಧ್ಯಕ್ಕಿಡು" ಅಂತ ಹುಕುಂ ಶುರು ಮಾಡಿದರು. ರೇಷ್ಮೆ ಸೀರೆಯ ಮೇಲೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟು ತೊಡಿಸಿ ಬಕಲು ಬಿಗಿದರು. ಕತ್ತು ತಿರುಗಿಸೋಕಾಗದೆ ಮೂಟೆ ಹಾಗೆ ಕೂತಿದ್ದೆ. ಆದರೂ ಸುಳ್ಳು ಯಾಕೆ ಹೇಳಲಿ, ಬೋಟು ಹೊರಟಾಗ ಗಾಳಿ ಮುಖಕ್ಕೆ ಬಡಿಯಿತಲ್ಲ, ಹಿತವಾಗಿತ್ತು. ಬೇಸಿಗೆಯಲ್ಲಿ ನೀರು ಇಳಿದು ಹಳೇ ಮರದ ಬೊಡ್ಡೆಗಳೆಲ್ಲ ಮೇಲೆ ಬಂದಿದ್ದವು, ಒಂದೊಂದರ ಮೇಲೂ ಒಂದೊಂದು ನೀರುಕಾಗೆ. ಹಿತವಾಗಿದೆ ಅಂತ ನಾನು ಹೇಳಲಿಲ್ಲ, ಹೇಳಿದರೆ ಷರತ್ತು ಸಡಿಲ ಆಗಿಬಿಡುತ್ತೆ ಅಂತ.

ಊರಿನ ದಡಕ್ಕೆ ಬಂದ ಮೇಲೆ ಇವರು ಬೋಟನ್ನು ಒಂದು ಬೊಡ್ಡೆಗೆ ಕಟ್ಟಿದ ವೈಖರಿ ನೋಡಬೇಕಿತ್ತು. ಹಿಂದೆ ಒಂದು ಹಗ್ಗ, ಮುಂದೆ ಒಂದು ಹಗ್ಗ, ಗಂಟಿನ ಮೇಲೆ ಗಂಟು. "ಬಿರುಗಾಳಿ ಬಂದ್ರೂ ಇಲ್ಲಿಂದ ಕದಲಲ್ಲ" ಅಂದರು.

ಅಕ್ಕ ಹೋಳಿಗೆ, ಸೀಕರಣೆ ಎಲ್ಲ ಮಾಡಿದ್ದಳು. ಉಂಡು ಕೈ ತೊಳೆಯುವ ಹೊತ್ತಿಗೆ ಬಡಗಣ ಮೂಲೆಯಲ್ಲಿ ಆಕಾಶ ಕಪ್ಪಿಟ್ಟು ಗಾಳಿ ಎದ್ದಿತು. ಇವರು ಜಗಲಿ ಮೇಲೆ ನಿಂತು ಬಹಳ ಹೊತ್ತು ಮೋಡ ನೋಡಿದರು. ನಾನು ಬೇಕಂತಲೇ ಬ್ಯಾಗು ಹಿಡಿದುಕೊಂಡು, "ಹೊರಡೋಣ್ವಾ?" ಅಂದೆ. ಇವರು ನನ್ನ ಕಡೆ ತಿರುಗದೆ, "ಈ ಗಾಳೀಲಿ ನಿನ್ನ ನೀರಿಗೆ ಇಳಿಸಲ್ಲ" ಅಂದರು. ಗೆದ್ದೆ! ಒಳಗೆ ಹೋಗಿ ಅಕ್ಕನಿಗೆ ಇನ್ನೊಂದು ಹೋಳಿಗೆ ಹಾಕು ಅಂದೆ.

ಮಳೆ ನಾಲ್ಕು ಹನಿ ಉದುರಿಸಿ ಹೋಯಿತು. ಬೆಳಿಗ್ಗೆ ಎದ್ದರೆ ಆಕಾಶ ಸ್ವಚ್ಛ. ಇವರು ಪ್ಯಾಂಟು ಹಾಕಿಕೊಂಡು ತಯಾರಾದರು. ಅಕ್ಕ ಬಾಗಿಲಿಗೆ ಅಡ್ಡ ನಿಂತಳು. "ಏನಂದ್ರಿ? ಶುಕ್ರುವಾರ ಮನೆ ಮಗಳ ಕಳ್ಸಕ್ಕಾಯ್ತದಾ? ಲಕ್ಷ್ಮೀನೇ ಎದ್ದೋದಂಗಾಯ್ತದೆ. ಸುಮ್ಕಿರಿ, ನಾಳೆ ಓಗೀರಂತೆ ಬುಡಿ." ಇವರು, "ಅತ್ತಿಗೆ, ಬೋಟು..." ಅಂದರು. "ಬೋಟೇನು ಎಮ್ಮೆಯಾ, ಓಗಿ ಆಲು ಕರೆಯಕ್ಕೆ?" ಅಂದಳು ಅಕ್ಕ. ಅಷ್ಟರಲ್ಲಿ ಮೈಸೂರಿನ ಅಳಿಯಂದಿರಿಗೆ ಮೋಟರು ರಿಪೇರಿ ಬರುತ್ತಂತೆ ಅನ್ನೋ ಸುದ್ದಿ ಹಬ್ಬಿ, ಊರಿನ ಕೆಟ್ಟ ಮಿಕ್ಸಿ, ಪಂಪು, ಟೇಬಲ್ ಫ್ಯಾನು ಎಲ್ಲ ಜಗಲಿಗೆ ಬಂದವು. ಇವರು ಸಂಜೆವರೆಗೂ ತಲೆ ಎತ್ತಲಿಲ್ಲ.

ಶನಿವಾರ ಅಕ್ಕ ಮಡಿಲು ತುಂಬಿದಳು. ಅಕ್ಕಿ, ಕೊಬ್ಬರಿ, ಬೆಲ್ಲ, ಎಲೆ ಅಡಿಕೆ, ರವಿಕೆ ಕಣ ಎಲ್ಲ ಸೆರಗಿಗೆ ಹಾಕಿ ಸೊಂಟಕ್ಕೆ ಗಂಟು ಬಿಗಿದಳು. ಮಡಿಲು ತುಂಬಿದ ಮೇಲೆ ನಮ್ಮಲ್ಲಿ ಹಿಂದಕ್ಕೆ ಹೆಜ್ಜೆ ಇಡಬಾರದು, ನೆಟ್ಟಗೆ ಗಂಡನ ಮನೆಗೇ ಹೋಗಬೇಕು. ಊರ ಹೆಂಗಸರೆಲ್ಲ ಕಳಿಸಿಕೊಡಲು ದಡಕ್ಕೆ ಬಂದರು. ಹೋಗಿ ನೋಡಿದರೆ, ಅಯ್ಯೋ ಶಿವನೇ! ಅಣೆಕಟ್ಟಿಂದ ನಾಲೆಗೋ ಎಲ್ಲಿಗೋ ನೀರು ಬಿಟ್ಟಿದ್ದಾರೆ. ಆ ದಡ ತಟ್ಟೆ ಹಾಗೆ ಸಪಾಟು, ನೀರು ಒಂದು ಗೇಣು ಇಳಿದರೆ ಒಂದು ಹೊಲದಷ್ಟು ದೂರ ಹೋಗಿಬಿಡುತ್ತೆ. ನಮ್ಮ ಬೋಟು ಹೊಂಡ ಬತ್ತಿದ ಎಮ್ಮೆ ಹಾಗೆ ಕೆಸರಲ್ಲಿ ಮಲಗಿತ್ತು. ಬೋಟು ನೀರು ಬಿಟ್ಟು ಹೋಗದ ಹಾಗೆ ಇವರು ಕಟ್ಟಿದ್ದರು, ನೀರೇ ಬೋಟು ಬಿಟ್ಟು ಹೋಗಿತ್ತು. ಗಂಟು ಮಾತ್ರ ಒಂದೂ ಸಡಿಲಾಗಿರಲಿಲ್ಲ.

ನಾನು ಮನೆಗೆ ಹಿಂತಿರುಗೋ ಹಾಗಿಲ್ಲ. ಮಡಿಲು ತುಂಬಿದೆ. ಜೀಪು ಆಚೆ ದಡದಲ್ಲಿದೆ. ಟ್ರ್ಯಾಕ್ಟರ್ ಇಳಿಸಿದರೆ ಅದೂ ಹೂತುಕೊಳ್ಳುತ್ತೆ ಅಂದರು ಭಾವ. ಕೊನೆಗೆ ಒಂದು ಜೊತೆ ಎತ್ತು ತಂದರು. ಹೆಂಗಸರು ನನ್ನನ್ನು ಹಲಗೆ ಮೇಲೆ ನಡೆಸಿ ಬೋಟಿಗೆ ಹತ್ತಿಸಿದರು. ಲೈಫ್ ಜಾಕೆಟ್ಟು, ಅದರ ಕೆಳಗೆ ಮಡಿಲಕ್ಕಿ, ಕೈಯಲ್ಲಿ ಹಲಸಿನ ಹಣ್ಣು. ಒಬ್ಬಳು ಆರತಿ ಎತ್ತಿದಳು. ಮುಂದೆ ಎತ್ತು, ಹಿಂದೆ ಮಂಡಿವರೆಗೂ ಕೆಸರಲ್ಲಿ ನಿಂತು ದೂಡುವ ನಮ್ಮನೆಯವರು, ನಡುವೆ ಉತ್ಸವಮೂರ್ತಿ ನಾನು. ಹೊಟ್ಟೆ ಹಿಡಿದು ನಗಬೇಕು ಅನಿಸಿದರೂ, ನಕ್ಕರೆ ಮಡಿಲ ಗಂಟು ಬಿಚ್ಚುತ್ತೆ ಅಂತ ತುಟಿ ಕಚ್ಚಿಕೊಂಡಿದ್ದೆ.

ಅಂತೂ ಬೋಟು ನೀರು ಕಂಡಿತು. ಅರ್ಧ ದಾರಿ ಹೋಗುವಷ್ಟರಲ್ಲಿ ಪ್ರೊಪೆಲ್ಲರಿಗೆ ಕಳೆ ಸುತ್ತಿಕೊಂಡು ಎಂಜಿನ್ ನಿಂತಿತು. ಇವರು ಬಗ್ಗಿ ಕಳೆ ಬಿಡಿಸಿ, ಒದ್ದೆ ಕೈ ಪಂಚೆಗೆ ಒರೆಸಿಕೊಂಡರು. ಭಾವನ ಪಂಚೆ ಅದು, ಪ್ಯಾಂಟು ಕೆಸರಾಗಿ ಚೀಲ ಸೇರಿತ್ತು. ಆಮೇಲೆ ಫೋನು ತೆಗೆದರು.

"ಯಾರಿಗ್ರೀ?"

"ಅವನಿಗೆ. ನಾಳೆ ಬಂದು ಬೋಟು ತಗೊಂಡು ಹೋಗಲಿ. ಮಾತು ಮಾತೇ."

ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. "ಅಲ್ರೀ, ನಿಜ ಹೇಳಿ, ಏನಿದೆ ಈ ಬೋಟಲ್ಲಿ ಅಂಥಾದ್ದು?" ಅಂದೆ.

ಇವರು ನೀರು ನೋಡಿಕೊಂಡೇ ಹೇಳಿದರು. "ಕಡಕೊಳದ ಶಿಫ್ಟಲ್ಲಿ ನಾನು ಬಂದಾಗ ನೀನು ಮಲಗಿರ್ತಿದ್ದೆ, ನೀನು ಏಳೋ ಹೊತ್ತಿಗೆ ನಾನು ಹೊರಟಿರ್ತಿದ್ದೆ. ರಿಟೈರಾದ್ಮೇಲಾದ್ರೂ ಕೂತು ಮಾತಾಡೋಣ ಅಂದ್ರೆ, ಬಾಯಿ ತೆಗೆಯೋಷ್ಟರಲ್ಲಿ ಕುಕ್ಕರ್ ಕೂಗುತ್ತೆ, ಎದ್ದು ಹೋಗ್ತೀಯ. ಬೋಟಲ್ಲಿ ಎದ್ದು ಹೋಗಕ್ಕಾಗಲ್ಲ ನೋಡು."

ನನಗೆ ಸಿಟ್ಟು ಬಂತು. "ಅಷ್ಟಕ್ಕೆ ಬೋಟು ತಗೋಬೇಕಿತ್ತಾ? ಆ ಕುಕ್ಕರ್ ಆರಿಸಿ ಕೂತ್ಕೊಳೇ ಅಂತ ಹೇಳಿದ್ರೆ ಆಗ್ತಿರ್ಲಿಲ್ವಾ?"

"ಹೇಳಿದ್ದೆ ಕಣೇ. ನಿಂಗೆ ಕೇಳಿಸ್ಲಿಲ್ಲ."

ಫೋನು ಕಿತ್ತುಕೊಂಡು ಅವರಿಗೆ ನಾನೇ ರಿಂಗ್ ಮಾಡಿದೆ. ಆ ಕಡೆ ಅವರು ಹಲೋ ಅನ್ನುವಷ್ಟರಲ್ಲೇ, "ಬೋಟು ಕೊಡಲ್ಲ ಕಣ್ರೀ, ನಮಗೇ ಬೇಕು" ಅಂತ ಹೇಳಿ ಇಟ್ಟುಬಿಟ್ಟೆ.

"ಹ್ಞೂಂ, ಈಗ ಹೇಳಿ," ಅಂದೆ. "ಅದೇನು ಹೇಳ್ಬೇಕು ಅಂತಿದ್ರಿ ಇಷ್ಟು ವರ್ಷ?"

ಇವರು ತಲೆ ಕೆರೆದುಕೊಂಡರು, ಆಕಾಶ ನೋಡಿದರು, ಎಂಜಿನ್ ನೋಡಿದರು. "ಈಗ ಒಂದೂ ನೆನಪಾಗ್ತಿಲ್ಲ ಕಣೇ," ಅಂದರು.

"ನೆನಪಾಗೋವರೆಗೂ ಇಲ್ಲೇ ಇರೋಣ ಬಿಡಿ," ಅಂದೆ ನಾನು.